ವಿದೇಶದ ಯೂನಿವರ್ಸಿಟಿ ‘ಇಲ್ಲ’ ಅಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಮಧ್ಯದಿಂದ ಮೇ ಮೊದಲ ವಾರದವರೆಗೆ ನನಗೆ ಬರುವ ಫೋನು, ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಕೇಳುವವರಲ್ಲಿ ಬೆಂಗಳೂರಿನ ದೊಡ್ಡ ಶಾಲೆಗಳವರಿದ್ದಾರೆ, ದಾವಣಗೆರೆ, ಧಾರವಾಡದ ಪಿಯು ಮಕ್ಕಳಿದ್ದಾರೆ, ಬಿಇ ಮುಗಿಸಿ ಕೆಲಸಕ್ಕೆ ಸೇರಿದವರಿದ್ದಾರೆ, ಮಕ್ಕಳಿಗಿಂತ ಹೆಚ್ಚು ಕಂಗಾಲಾದ ತಂದೆತಾಯಂದಿರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲು ಪದವಿಗೆ ಅರ್ಜಿ ಹಾಕಿದವರವು, ಕೊನೆಗೆ ಎಂಎಸ್, ಪಿಎಚ್‌ಡಿಯವು. ‘ಯಾಕೆ’ ಎಂದು ಕೇಳಿದರೆ ಈ ಯೂನಿವರ್ಸಿಟಿಗಳು ಬಾಯಿ ಬಿಡುವುದು ಅಪರೂಪ. ಮುಂದಿನ ಅರ್ಜಿ ಯಾವಾಗ, ಕೊನೆಯ ದಿನ ಯಾವುದು ಎಂಬುದನ್ನು ಮಾತ್ರ ಖಚಿತವಾಗಿ ತಿಳಿಯಬಹುದು. ಹಾಗಾಗಿ ಇಲ್ಲಿ ತಾರೀಕುಗಳ ಮಾತೇ ಹೆಚ್ಚು.

## ಫಲಿತಾಂಶ ಬಂದ ವಾರ

ಪಿಯು ಪರೀಕ್ಷೆ ನಡೀತಿದೆ, ಮಧ್ಯದಲ್ಲೇ ಅಮೆರಿಕದ ರಿಸಲ್ಟ್ ಬರುತ್ತೆ. ನೋಡಲಾ, ಬೇಡ್ವಾ?

ಬೇಡ. ಎಂಐಟಿ, ಅಂದರೆ ಮಣಿಪಾಲದ್ದಲ್ಲ, ಮೆಸಾಚುಸೆಟ್ಸ್‌ನದು, ಸಾಮಾನ್ಯವಾಗಿ ಮಾರ್ಚ್ 14ರ ಸಂಜೆ 6:28ಕ್ಕೆ ಫಲಿತಾಂಶ ಬಿಡುತ್ತದೆ. ಪೈ (3.14) ಮತ್ತು ಅದರ ದುಪ್ಪಟ್ಟಿನ (6.28) ಮೇಲೆ ಅವರ ಗಣಿತದ ಹುಡುಗಾಟ ಅದು. ನಮ್ಮಲ್ಲಿ ಆಗ ಮಾರ್ಚ್ 15ರ ನಸುಕಿನ 3:58. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗ್ ಕಾಲೇಜುಗಳದ್ದು ಮಾರ್ಚ್ ಕೊನೆಯ ವಾರ, ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ನಾಲ್ಕೂವರೆ. 2025ರಲ್ಲಿ ನಮ್ಮ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 1ರಿಂದ 20ರವರೆಗಿತ್ತು. ಬೆಳಗಿನ ಜಾವ ಪೋರ್ಟಲ್ ತೆರೆದು, ಅತ್ತು, ಹತ್ತು ಗಂಟೆಗೆ ಪರೀಕ್ಷಾ ಹಾಲ್‌ನಲ್ಲಿ ಕೂರುವುದು ಯಾರಿಗೂ ಒಳ್ಳೆಯದಲ್ಲ.

ಪೋರ್ಟಲ್‌ನಲ್ಲಿ ಬಂದ ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಸೀಟು ಸಿಕ್ಕಿದ್ದರೂ ಉತ್ತರ ಕೊಡಲು ಮೇ 1ರವರೆಗೆ ಸಮಯವಿರುತ್ತದೆ. ಪಾಸ್‌ವರ್ಡನ್ನು ಅಕ್ಕನಿಗೋ ಗೆಳತಿಗೋ ಕೊಟ್ಟು ಬದಲಾಯಿಸಿಬಿಡಲು ಹೇಳಿ. ಕೊನೆಯ ಪೇಪರ್ ಬರೆದು ಬಂದ ಮೇಲೆ ತೆರೆಯಿರಿ.

ಶೇ 98 ಬಂದಿದೆ, ಎಸ್‌ಎಟಿ (ಅಮೆರಿಕದ ಪದವಿ ಪ್ರವೇಶ ಪರೀಕ್ಷೆ) 1600ಕ್ಕೆ 1560. ಆದ್ರೂ ಯಾಕೆ ರಿಜೆಕ್ಟ್ ಮಾಡಿದ್ರು?

ಅಷ್ಟು ಅಂಕ ತೆಗೆದವರ ಸಾಲು ನೀವು ಅಂದುಕೊಂಡದ್ದಕ್ಕಿಂತ ಉದ್ದವಿದೆ. 2018ರಲ್ಲಿ ಬಾಸ್ಟನ್‌ನ ನ್ಯಾಯಾಲಯದಲ್ಲಿ ಪ್ರವೇಶ ನೀತಿಯ ಬಗ್ಗೆ ಹಾರ್ವರ್ಡ್ ವಿರುದ್ಧದ ಮೊಕದ್ದಮೆ ನಡೆದಾಗ, ಸಾಮಾನ್ಯವಾಗಿ ಮುಚ್ಚಿಡುವ ಅಂಕಿಗಳು ಹೊರಬಂದವು. 2019ರಲ್ಲಿ ಪದವಿ ಮುಗಿಸಬೇಕಿದ್ದ ತಂಡಕ್ಕೆ ಒಟ್ಟು 37,000ಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ಕರೆದದ್ದು 2,000ಕ್ಕಿಂತ ತುಸು ಕಡಿಮೆ ಜನರನ್ನು. ಅಮೆರಿಕದೊಳಗಿನ ಸುಮಾರು 26,000 ಅರ್ಜಿದಾರರಲ್ಲೇ 8,000ಕ್ಕೂ ಹೆಚ್ಚು ಮಂದಿ ಶಾಲೆಯಲ್ಲಿ ಪೂರ್ಣ ಗ್ರೇಡ್ ಪಡೆದವರು. ಅವರೆಲ್ಲರನ್ನೂ ಸೇರಿಸಿಕೊಳ್ಳಲು ಹೊರಟರೆ ಬೇರೆ ಯಾರನ್ನೂ ನೋಡದೆಯೂ ಸೀಟುಗಳಿಗೆ ನಾಲ್ಕು ಪಟ್ಟು ಜನ. ಇದು ಭಾರತದಿಂದ ಹೋದ ಅರ್ಜಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮುಂಚಿನ ಮಾತು.

ಅಂದರೆ ಅಂಕ ನಿಮ್ಮನ್ನು ಓದುವ ಮೇಜಿನವರೆಗೆ ತಲುಪಿಸಿದೆ. ಅಲ್ಲಿಂದ ಮುಂದಿನದು ಆ ವರ್ಷ ಅವರಿಗೆ ಯಾರು ಬೇಕಿತ್ತು ಎಂಬ ಲೆಕ್ಕ: ಯಾವ ದೇಶದವರು ಎಷ್ಟು, ಯಾವ ವಿಷಯದವರು ಎಷ್ಟು, ಆರ್ಕೆಸ್ಟ್ರಾಕ್ಕೆ ಯಾರು, ರೋಯಿಂಗ್ ತಂಡಕ್ಕೆ ಯಾರು, ಹಳೆ ವಿದ್ಯಾರ್ಥಿಗಳ ಮಕ್ಕಳು ಯಾರು. ನಮ್ಮ ಸಿಇಟಿಯಲ್ಲಿ ರ‍್ಯಾಂಕ್ ಪಟ್ಟಿ ಇರುತ್ತದೆ, ನಿಮ್ಮ ಮುಂದೆ ಎಷ್ಟು ಜನ ಎಂದು ಎಣಿಸಬಹುದು. ಅಲ್ಲಿ ಅಂಥ ಪಟ್ಟಿಯೇ ಇಲ್ಲ. ಹಾಗಾಗಿ ‘ಇನ್ನೆರಡು ಅಂಕ ಬಂದಿದ್ದರೆ’ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ನನಗಿಂತ ಕಡಿಮೆ ಮಾರ್ಕ್ಸ್ ಇರೋ ನನ್ನ ಕ್ಲಾಸ್‌ಮೇಟ್‌ಗೆ ಸಿಕ್ತು. ಇದ್ಯಾವ ನ್ಯಾಯ?

ಬೆಂಗಳೂರಿನ ಶಾಲೆಗಳಲ್ಲಿ ಇದಕ್ಕೆ ಒಂದು ಸರಳ ವಿವರಣೆ ಇರಬಹುದು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ತಂದೆತಾಯಿ ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿ, ಆಮೇಲೆ ವೈಟ್‌ಫೀಲ್ಡಿಗೋ ಸರ್ಜಾಪುರಕ್ಕೋ ಬಂದ ಮಕ್ಕಳ ಬಳಿ ಅಮೆರಿಕದ ಪಾಸ್‌ಪೋರ್ಟ್ ಇರುತ್ತದೆ. ಶುಲ್ಕ ನೆರವಿನ ವಿಷಯದಲ್ಲಿ ಅವರು ಅಲ್ಲಿನ ಪ್ರಜೆಗಳು, ಬೇರೆ ಸಾಲಿನವರು. ಒಂದೇ ಬೆಂಚಿನಲ್ಲಿ ಕೂತು ಓದಿದರೂ ಸ್ಪರ್ಧೆ ಒಂದೇ ಅಲ್ಲ.

ಹಾಗಿಲ್ಲದ ಕಡೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಅವರ ಪ್ರಬಂಧ ನೀವು ಓದಿಲ್ಲ, ಅವರ ಟೀಚರ್ ಬರೆದ ಪತ್ರ ಅವರೂ ಓದಿರಲಿಕ್ಕಿಲ್ಲ. ಹೊಟ್ಟೆಕಿಚ್ಚು ಬಂದರೆ ಬರಲಿ, ಅದನ್ನು ತಪ್ಪು ಅನ್ನಲಾರೆ. ಕಂಗ್ರಾಟ್ಸ್ ಮಾತ್ರ ಎರಡು ದಿನ ಬಿಟ್ಟು ಹೇಳಿದರೂ ನಡೆಯುತ್ತದೆ.

ಎರಡು ವರ್ಷದಿಂದ ಎಲ್ಲರಿಗೂ ‘ಅಮೆರಿಕಕ್ಕೆ ಹೋಗ್ತೀನಿ’ ಅಂತ ಹೇಳಿಕೊಂಡು ಬಂದಿದ್ವಿ. ಈಗ ನೆಂಟರಿಗೆ ಏನ್ ಹೇಳೋದು?

‘ಅಲ್ಲಿ ಸಿಗಲಿಲ್ಲ, ಇಲ್ಲಿ ನೋಡ್ತಾ ಇದೀವಿ.’ ಇಷ್ಟೇ. ‘ನಾವೇ ಬೇಡ ಅಂದ್ವಿ’, ‘ವೀಸಾ ಸಮಸ್ಯೆ’ ಎಂದು ಕಥೆ ಕಟ್ಟಿದರೆ ಮುಂದಿನ ಗೃಹಪ್ರವೇಶದವರೆಗೂ ಆ ಕಥೆಯನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ, ಅದರಲ್ಲೂ ಮಕ್ಕಳ ಎದುರಿಗೆ. ಮನೆಯವರು ಮುಚ್ಚಿಡುವುದನ್ನು ಕಂಡ ಮಗುವಿಗೆ, ಆದದ್ದು ಮುಚ್ಚಿಡಬೇಕಾದ ಸಂಗತಿ ಎಂದೇ ಅನ್ನಿಸುತ್ತದೆ.

ಮಗಳು ರೂಮಿಂದ ಹೊರಗೇ ಬರ್ತಿಲ್ಲ. ತಾಯಿಯಾಗಿ ನಾನೇನು ಮಾಡ್ಲಿ?

ಮೊದಲ ಕೆಲವು ದಿನ ಊಟ ಬಾಗಿಲ ಬಳಿ ತಲುಪಿಸಿ, ಪ್ರಶ್ನೆ ಕೇಳಬೇಡಿ. ಸಮಾಧಾನಕ್ಕೆಂದು ದೊಡ್ಡವರ ಕಥೆ ಹೇಳಬೇಡಿ. ವಾರೆನ್ ಬಫೆಟ್‌ರನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬೇಡ ಅಂದಿತ್ತು ಎಂಬುದು ನಿಜ. ಐಐಟಿ ಪರೀಕ್ಷೆ ಪಾಸಾಗಿಯೂ ಮನೆಯ ಹಣದ ಅಡಚಣೆಯಿಂದ ನಾರಾಯಣ ಮೂರ್ತಿಯವರು ಮೈಸೂರಿನ ಎನ್‌ಐಇ ಸೇರಿದರು ಎಂಬುದೂ ನಿಜ. ಆದರೆ ಹದಿನೇಳರ ಹುಡುಗಿ ಇದನ್ನು ಕೇಳಿಸಿಕೊಳ್ಳುವುದು ಬೇರೆ ರೀತಿಯಲ್ಲಿ: ಈ ಸೋಲಿಗೆ ಬೆಲೆ ಬರಬೇಕಾದರೆ ನಾನೀಗ ಕೋಟ್ಯಧಿಪತಿ ಆಗಬೇಕು.

ಖರ್ಚಿನ ಮಾತು ಈಗ ಬೇಡ. ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಹೋಯಿತು, ಅದು ವಾಪಸ್ ಬರುವಂಥದ್ದಲ್ಲ ಎಂದು ಆಕೆಗೂ ಗೊತ್ತು.

ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟರೆ, ಸ್ನೇಹಿತರನ್ನು ಪೂರ್ತಿ ಬಿಟ್ಟರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಒಮ್ಮೆ ಬಂದರೂ, ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಬೆನ್ನೆಲುಬಾಗಿರುವುದು ಬೆಂಗಳೂರಿನ ನಿಮ್ಹಾನ್ಸ್. ತಾಯಿಯೂ ಫೋನ್ ಮಾಡಿ ಸಲಹೆ ಕೇಳಬಹುದು.

## ಪತ್ರದಲ್ಲಿ ಏನಿದೆ, ಏನಿಲ್ಲ

ಡಿಫರ್, ವೇಟ್‌ಲಿಸ್ಟ್, ರಿಜೆಕ್ಟ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ನವೆಂಬರ್‌ನಲ್ಲಿ ಅರ್ಲಿ, ಅಂದರೆ ಎಲ್ಲರಿಗಿಂತ ಮುಂಚೆ, ಅರ್ಜಿ ಹಾಕಿದವರಿಗೆ ಡಿಸೆಂಬರ್‌ನಲ್ಲಿ ‘ಡಿಫರ್’ ಎಂದು ಬಂದರೆ, ನಿಮ್ಮ ಅರ್ಜಿಯನ್ನು ಉಳಿದವರ ಜೊತೆ ಮಾರ್ಚ್‌ನಲ್ಲಿ ಮತ್ತೆ ನೋಡುತ್ತಾರೆ ಎಂದರ್ಥ. ವೇಟ್‌ಲಿಸ್ಟ್ ಎಂದರೆ, ಕರೆದವರು ಬಾರದೆ ಸೀಟು ಉಳಿದರೆ ನೋಡೋಣ ಎಂಬುದು. ರಿಜೆಕ್ಟ್ ಆದರೆ ಆ ವರ್ಷದ ಮಟ್ಟಿಗೆ ಮುಗಿಯಿತು.

ವೇಟ್‌ಲಿಸ್ಟ್ ಬಂದಿದೆ. ಅದನ್ನೇ ನಂಬ್ಕೊಂಡು ಕೂರಬಹುದಾ?

ಕೂರಬೇಡಿ. ರೈಲಿನ ವೇಟಿಂಗ್ ಲಿಸ್ಟ್‌ನಲ್ಲಾದರೆ ನಿಮ್ಮ ನಂಬರ್ ಗೊತ್ತಿರುತ್ತದೆ, ಅದು ಇಳಿಯುವುದೂ ಕಾಣುತ್ತದೆ. ಇಲ್ಲಿ ಹೆಚ್ಚಿನ ಕಡೆ ನಂಬರೇ ಇಲ್ಲ. ಮೇ 1 ದಾಟಿದ ಮೇಲೆ ಅವರಿಗೆ ಯಾವ ವಿಷಯದವರು ಕಡಿಮೆ ಬಿದ್ದರೋ ಅಂಥವರನ್ನು ಕರೆಯುತ್ತಾರೆ. ಕೆಲವು ವರ್ಷ ಒಬ್ಬರನ್ನೂ ಕರೆಯುವುದಿಲ್ಲ.

ಪಟ್ಟಿಯಲ್ಲಿರಲು ಒಪ್ಪಿಗೆ ಕೊಡಿ. ಜನವರಿಯ ನಂತರ ಆದ ಹೊಸ ಸಂಗತಿ ಏನಾದರೂ ಇದ್ದರೆ ಒಂದು ಪುಟ ಮೀರದ ಪತ್ರ ಬರೆಯಿರಿ. ಪಿಯು ಫಲಿತಾಂಶ ಏಪ್ರಿಲ್‌ನಲ್ಲಿ ಬಂದರೆ ಅದನ್ನೂ ಸೇರಿಸಿ. ಆಮೇಲೆ, ಕರೆದಿರುವ ಇನ್ನೊಂದು ಕಾಲೇಜಿಗೆ ಮೇ 1ರೊಳಗೆ ಮುಂಗಡ ಕಟ್ಟಿ. ವೇಟ್‌ಲಿಸ್ಟ್‌ನಿಂದ ಕರೆ ಬಂದರೆ ಆ ಮುಂಗಡ ಹೋಗುತ್ತದೆ, ಹೋಗಲಿ. ನೆರವಿಲ್ಲದೆ ಹೋಗಲಾಗದವರು ಇನ್ನೂ ಎಚ್ಚರದಿಂದಿರಬೇಕು, ಅಷ್ಟು ತಡವಾಗಿ ಹಣ ಉಳಿದಿರುವುದು ಅಪರೂಪ.

ಸ್ಕಾಲರ್‌ಶಿಪ್ ಕೇಳಿದ್ದಕ್ಕೇ ರಿಜೆಕ್ಟ್ ಆಯ್ತಾ?

ಎಲ್ಲಿ ಎಂಬುದರ ಮೇಲೆ ಹೋಗುತ್ತದೆ. ಹೊರದೇಶದ ಅರ್ಜಿದಾರರ ಜೇಬು ನೋಡದೆ ನಿರ್ಧಾರ ಮಾಡುತ್ತೇವೆ ಎಂದು ಘೋಷಿಸಿರುವ ಸಂಸ್ಥೆಗಳು ಬೆರಳೆಣಿಕೆಯವು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, 2022ರಲ್ಲಿ ಆ ಸಾಲಿಗೆ ಸೇರಿದ ಡಾರ್ಟ್‌ಮತ್ ಮತ್ತು ಬೋಡನ್, ಆಮೇಲೆ ಬ್ರೌನ್ ಹಾಗೂ ಇನ್ನು ಕೆಲವು. ಇಲ್ಲಿ ನೆರವು ಕೇಳಿದ್ದು ಕಾರಣವಲ್ಲ.

ಸ್ಟ್ಯಾನ್‌ಫರ್ಡ್, ಕಾರ್ನೆಲ್, ಕೊಲಂಬಿಯಾ ಸೇರಿ ಹೆಚ್ಚಿನ ಖಾಸಗಿ ಯೂನಿವರ್ಸಿಟಿಗಳು ವಿದೇಶಿಯರ ವಿಷಯದಲ್ಲಿ ನೆರವಿನ ಅಗತ್ಯವನ್ನೂ ತೂಗುತ್ತವೆ. ಅವರು ಇದನ್ನು ಮುಚ್ಚಿಟ್ಟಿಲ್ಲ, ನಾವು ಓದುವುದಿಲ್ಲ ಅಷ್ಟೆ. ಅಲ್ಲಿ ಪೂರ್ಣ ನೆರವು ಕೇಳಿದ ಅರ್ಜಿಗೆ ದಾರಿ ನಿಜಕ್ಕೂ ಇಕ್ಕಟ್ಟು. ಬರ್ಕ್ಲಿ, ಯುಸಿಎಲ್‌ಎಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಪದವಿಗೆ ಹೋಗುವ ವಿದೇಶಿಯರಿಗೆ ಅಗತ್ಯ ನೋಡಿ ಕೊಡುವ ನೆರವು ಬಹುತೇಕ ಇಲ್ಲವೇ ಇಲ್ಲ. ಹಾಗೆಂದು ಮುಂದಿನ ಸಲ ‘ನೆರವು ಬೇಡ’ ಎಂದು ಸುಳ್ಳು ಟಿಕ್ ಹಾಕಬೇಡಿ. ಸೀಟು ಸಿಕ್ಕಿ ಫೀಸು ಕಟ್ಟಲಾಗದೆ ಬಿಟ್ಟುಕೊಡುವುದು ರಿಜೆಕ್ಟ್‌ಗಿಂತ ಹೆಚ್ಚು ನೋಯಿಸುತ್ತದೆ.

ಕಾರಣ ಕೇಳಿ ಮೇಲ್ ಮಾಡಬಹುದಾ? ಅಪೀಲು ಇದೆಯಾ?

ಅಮೆರಿಕದ ಖಾಸಗಿ ಸಂಸ್ಥೆಗಳಲ್ಲಿ ಹೆಚ್ಚಿನವು ಕಾರಣ ಹೇಳುವುದಿಲ್ಲ, ಮರುಪರಿಶೀಲನೆಯನ್ನೂ ಮಾಡುವುದಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳಲ್ಲಿ ಅಪೀಲಿಗೆ ಅವಕಾಶವಿದೆ, ಆದರೆ ಅರ್ಜಿಯಲ್ಲಿ ಇರದಿದ್ದ ಹೊಸ, ಬಲವಾದ ಮಾಹಿತಿ ಇದ್ದರೆ ಮಾತ್ರ. ‘ನನಗೆ ತುಂಬ ಆಸೆಯಿತ್ತು’ ಎಂಬುದು ಹೊಸ ಮಾಹಿತಿಯಲ್ಲ.

ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ರೀತಿ ಬೇರೆ. ಅಕ್ಟೋಬರ್ 15ರೊಳಗೆ ಅರ್ಜಿ, ಡಿಸೆಂಬರ್‌ನಲ್ಲಿ ಸಂದರ್ಶನ, ಜನವರಿಯಲ್ಲಿ ಫಲಿತಾಂಶ. ಆಮೇಲೆ ಕಾಲೇಜಿಗೆ ಬರೆದು ಅಭಿಪ್ರಾಯ ಕೇಳಬಹುದು. ಪ್ರವೇಶ ಪರೀಕ್ಷೆಯ ಅಂಕವೋ ಸಂದರ್ಶನದ ಸಾಧನೆಯೋ, ಎಲ್ಲಿ ಹಿಂದೆ ಬಿದ್ದಿರಿ ಎಂಬ ಸುಳಿವಾದರೂ ಸಿಗುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ತಿರಸ್ಕಾರ ಪತ್ರದ ಕೊನೆಯಲ್ಲಿ, ಇದನ್ನು ಪ್ರಶ್ನಿಸುವುದು ಹೇಗೆ, ಎಷ್ಟು ದಿನದೊಳಗೆ ಎಂಬ ಟಿಪ್ಪಣಿ ಇರುವುದುಂಟು. ದಾಖಲೆ ಕಡಿಮೆ ಬಿದ್ದು ತಿರಸ್ಕಾರವಾಗಿದ್ದರೆ ಅದನ್ನು ತಪ್ಪದೆ ಓದಿ.

## ಮುಂದಿನ ಒಂದು ವರ್ಷ

ಹನ್ನೆರಡಕ್ಕೆ ಹನ್ನೆರಡೂ ರಿಜೆಕ್ಟ್. ಇನ್ನೂ ಎಲ್ಲಾದ್ರೂ ಅರ್ಜಿ ಹಾಕಬಹುದಾ?

ಹಾಕಬಹುದು, ಆದರೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬರುತ್ತದೆ. ಇಲ್ಲಿನದನ್ನು ಮೊದಲು ನೋಡಿ. ಸಿಇಟಿ ಅರ್ಜಿ ಜನವರಿ-ಫೆಬ್ರುವರಿಯಲ್ಲೇ ಮುಗಿಯುತ್ತದೆ, ಪರೀಕ್ಷೆ ಏಪ್ರಿಲ್‌ನ ಎರಡನೇ ಅರ್ಧದಲ್ಲಿ. ‘ನಾನು ಹೊರಗೆ ಹೋಗುವವನು, ಸಿಇಟಿ ಯಾಕೆ’ ಎಂದು ಅರ್ಜಿಯನ್ನೇ ಹಾಕದವರು ಏಪ್ರಿಲ್‌ನಲ್ಲಿ ಒದ್ದಾಡುವುದನ್ನು ವರ್ಷ ವರ್ಷ ನೋಡುತ್ತೇನೆ. ಈಗ ಹತ್ತನೇ ತರಗತಿ ಮುಗಿಸಿದ ತಮ್ಮ ತಂಗಿಯರಿಗಾದರೂ ಹೇಳಿ. ಕಾಮೆಡ್‌ಕೆ, ಚೆನ್ನೈನ ಗಣಿತ ಸಂಸ್ಥೆ ಸಿಎಂಐ, ಬೆಂಗಳೂರಿನ ಐಎಸ್‌ಐಯ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬಿ.ಮ್ಯಾಥ್, ಪುಣೆ ಮತ್ತು ತಿರುಪತಿಯ ಐಸರ್ ವಿಜ್ಞಾನ ಸಂಸ್ಥೆಗಳ ಕೊನೆಯ ದಿನಗಳನ್ನು ಇವತ್ತೇ ನೋಡಿ, ಮಾರ್ಚ್-ಏಪ್ರಿಲ್ ಹೊತ್ತಿಗೆ ಕೆಲವು ಮುಚ್ಚಿರುತ್ತವೆ.

ಹೊರಗೇ ಹೋಗಬೇಕೆಂದರೆ, ಮೇ 1ರ ನಂತರವೂ ಸೀಟು ಉಳಿದಿರುವ ಅಮೆರಿಕದ ಕಾಲೇಜುಗಳ ಪಟ್ಟಿಯನ್ನು ಅಲ್ಲಿನ ಪ್ರವೇಶ ಸಲಹೆಗಾರರ ಸಂಘ ನಾಕಾಕ್ ಪ್ರಕಟಿಸುತ್ತದೆ. ಅದರಲ್ಲಿ ಐವಿ ಲೀಗ್ ಇರುವುದಿಲ್ಲ, ಒಳ್ಳೆಯ ಕಾಲೇಜುಗಳು ಇರುತ್ತವೆ. ಬ್ರಿಟನ್ನಿನಲ್ಲಿ ಉಳಿದ ಸೀಟುಗಳನ್ನು ತುಂಬುವ ‘ಕ್ಲಿಯರಿಂಗ್’ ಜುಲೈಯಿಂದ ನಡೆಯುತ್ತದೆ. ರಾಜ್ಯ ಮಂಡಳಿಯ ಅಂಕಗಳಿಗೆ ಅಲ್ಲಿನ ಕೆಲವು ಸಂಸ್ಥೆಗಳ ಮಾನದಂಡ ಸಿಬಿಎಸ್‌ಇಗಿಂತ ಬೇರೆ, ನೋಡಿಕೊಳ್ಳಿ. ಜರ್ಮನಿಗೆ ಬರೀ ಹನ್ನೆರಡನೇ ತರಗತಿ ಸಾಲದು. ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ಇಲ್ಲವೇ ಇಲ್ಲಿ ಒಂದು ವರ್ಷ ಪದವಿ ಓದಿರಬೇಕು, ಇಲ್ಲವೇ ಅಲ್ಲಿ ಸ್ಟೂಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ವರ್ಷ ಮಾಡಬೇಕು. 2022ರ ನವೆಂಬರ್‌ನಿಂದ, ನಿಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ.

ಗ್ಯಾಪ್ ಇಯರ್ ತಗೊಳ್ಳೋದಾ, ಇಲ್ಲೇ ಬಿಇ ಸೇರೋದಾ?

ಅತಿ ಹೆಚ್ಚು ವಾದವಾಗುವ ಪ್ರಶ್ನೆ ಇದು. ಮಕ್ಕಳು ಗ್ಯಾಪ್ ಅನ್ನುತ್ತಾರೆ, ಮನೆಯವರು ‘ಒಂದು ವರ್ಷ ಹಾಳು’ ಅನ್ನುತ್ತಾರೆ.

ಮೊದಲು ನಿಯಮ ತಿಳಿದುಕೊಳ್ಳಿ. ಇಲ್ಲಿ ಪದವಿಗೆ ಸೇರಿ ಪೂರ್ತಿ ಒಂದು ವರ್ಷ ಮುಗಿಸಿದರೆ, ಅಮೆರಿಕದ ಹಲವು ಕಡೆ ನೀವು ಹೊಸಬರಾಗಿ ಅಲ್ಲ, ಟ್ರಾನ್ಸ್‌ಫರ್ ಆಗಿ ಅರ್ಜಿ ಹಾಕಬೇಕಾಗುತ್ತದೆ. ಟ್ರಾನ್ಸ್‌ಫರ್ ಸೀಟುಗಳು ಹಾರ್ವರ್ಡ್‌ನಂಥ ಕಡೆ ತೀರಾ ವಿರಳ, ವಿದೇಶಿಯರಿಗೆ ನೆರವು ಇನ್ನೂ ವಿರಳ. ಒಂದು ಸೆಮಿಸ್ಟರ್ ಓದಿ ಅರ್ಜಿ ಹಾಕಿದರೆ ಏನು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಉತ್ತರವಿದೆ, ಆಯಾ ಸಂಸ್ಥೆಯ ಪುಟದಲ್ಲೇ ಓದಿ.

ಗ್ಯಾಪ್ ತೆಗೆದುಕೊಳ್ಳುವುದಾದರೆ, ಅಕ್ಟೋಬರ್ ಹೊತ್ತಿಗೆ ಅರ್ಜಿಯಲ್ಲಿ ಬರೆಯಲು ಹೊಸದೇನಿರುತ್ತದೆ ಎಂದು ಮೇ ತಿಂಗಳಲ್ಲೇ ಹೇಳಬಲ್ಲಿರಾ? ಐದೇ ತಿಂಗಳು ಕೈಯಲ್ಲಿರುವುದು. ಹೇಳಬಲ್ಲವರಿಗೆ ಗ್ಯಾಪ್ ಸರಿ. ‘ಎಸ್‌ಎಟಿ ಇನ್ನೊಮ್ಮೆ ಬರೀತೀನಿ, ಪ್ರಬಂಧ ಚೆನ್ನಾಗಿ ಬರೀತೀನಿ’ ಅನ್ನುವವರಿಗೆ ನಾನು ಬಿಇ ಅಥವಾ ಬಿಎಸ್ಸಿ ಸೇರಿ ಎಂದೇ ಹೇಳುವುದು. ಎಂಎಸ್, ಪಿಎಚ್‌ಡಿಗೆ ಇಲ್ಲಿಂದ ಹೋಗುವ ದಾರಿ ಪದವಿಗೆ ಹೋಗುವ ದಾರಿಗಿಂತ ಎಷ್ಟೋ ಅಗಲ, ಪಿಎಚ್‌ಡಿಗಂತೂ ಅವರೇ ಹಣ ಕೊಡುತ್ತಾರೆ.

ದುಡ್ಡಿಗೆ ತೊಂದರೆ ಇಲ್ಲದವರಿಗೆ ಇನ್ನೊಂದು ದಾರಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು. ಎರಡು ವರ್ಷ ಅಲ್ಲಿ ಓದಿ, ನಿಗದಿಯಾದ ಗ್ರೇಡ್ ಬಂದರೆ ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಸೇರಿ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಚಿತ ವರ್ಗಾವಣೆಯ ಒಪ್ಪಂದವಿದೆ, ಎಲ್ಲ ಕೋರ್ಸ್‌ಗಳಿಗೂ ಅಲ್ಲ. ಬರ್ಕ್ಲಿ, ಯುಸಿಎಲ್‌ಎ ಆ ಆರರಲ್ಲಿ ಇಲ್ಲ.

ಮುಂದಿನ ವರ್ಷ ಅದೇ ಕಾಲೇಜಿಗೆ ಮತ್ತೆ ಹಾಕಿದ್ರೆ ಬೇಜಾರು ಮಾಡ್ಕೊಳ್ತಾರಾ?

ಇಲ್ಲ. ಮತ್ತೆ ಹಾಕುವುದು ಸಾಮಾನ್ಯ, ಎಷ್ಟು ಸಲ ಹಾಕಬಹುದೆಂಬ ಮಿತಿ ಕೆಲವು ಕಡೆ ಇದೆ. ಹಳೆಯ ಪ್ರಬಂಧವನ್ನೇ ಮತ್ತೆ ಕಳಿಸಿದರೆ ಹಳೆಯ ಉತ್ತರವನ್ನೇ ನಿರೀಕ್ಷಿಸಿ.

ಕನ್ಸಲ್ಟೆನ್ಸಿಯವರು ಗ್ಯಾರಂಟಿ ಅಂದಿದ್ರು. ದುಡ್ಡು ವಾಪಸ್ ಬರುತ್ತಾ?

ಬರೆದು ಕೊಟ್ಟಿದ್ದರೆ ಕೇಳಿ, ರಸೀದಿ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಬಾಯಿಮಾತಾಗಿದ್ದರೆ ಕಷ್ಟ. ಒಂದು ಸಂಗತಿ ತಿಳಿದಿರಲಿ: ‘ಫ್ರೀ ಸರ್ವಿಸ್’ ಎನ್ನುವ ಏಜೆನ್ಸಿಗಳು ಸಾಮಾನ್ಯವಾಗಿ ತಾವು ವಿದ್ಯಾರ್ಥಿಗಳನ್ನು ಸೇರಿಸುವ ಯೂನಿವರ್ಸಿಟಿಗಳಿಂದ ಕಮಿಷನ್ ಪಡೆಯುತ್ತವೆ. ರಿಜೆಕ್ಟ್ ಆದ ವಾರವೇ ‘ಇನ್ನೊಂದು ಕಡೆ ಸೀಟಿದೆ, ನಾಳೆಯೊಳಗೆ ಕಟ್ಟಿ’ ಎಂದು ಅವರಿಂದ ಫೋನ್ ಬಂದರೆ, ಆ ನಾಳೆ ಎಂಬುದು ಯಾರ ತಾರೀಕು ಎಂದು ಯೂನಿವರ್ಸಿಟಿಗೇ ನೇರವಾಗಿ ಬರೆದು ಕೇಳಿ.

## ಎಂಎಸ್, ಪಿಎಚ್‌ಡಿ

ವಿಟಿಯು ಒಳಗ 8.9 ಸಿಜಿಪಿಎ ಐತ್ರಿ, ಎಂಎಸ್‌ಗೆ ಎಂಟೂ ಕಡೆ ರಿಜೆಕ್ಟ್ ಆತು. ಏನ್ ತಪ್ಪಾಗಿರಬಹುದ್ರಿ?

ನಿಮ್ಮ ಎಂಟೂ ಹೆಸರುಗಳನ್ನು ಬರೆದು ನೋಡಿ. ಎಂಟೂ ಕಂಪ್ಯೂಟರ್ ಸೈನ್ಸ್, ಎಂಟೂ ಮೊದಲ ಇಪ್ಪತ್ತರೊಳಗಿನವು ಆಗಿದ್ದರೆ, ನೀವು ಎಂಟು ಅರ್ಜಿ ಹಾಕಿದಂತಲ್ಲ, ಒಂದೇ ಅರ್ಜಿಯನ್ನು ಎಂಟು ಸಲ ಹಾಕಿದಂತೆ. ಇದು ನಾನು ನೋಡುವ ಅತಿ ಸಾಮಾನ್ಯ ಎಡವಟ್ಟು.

ಎರಡನೆಯದು ಶಿಫಾರಸು ಪತ್ರ. ಎಚ್‌ಓಡಿ ಸಹಿ ಇದ್ದರೆ ತೂಕ ಎಂದು ನಂಬಿ, ಪಾಠವನ್ನೇ ಮಾಡದವರಿಂದ ಪತ್ರ ಬರೆಸುತ್ತೇವೆ. ‘ಶಿಸ್ತಿನ, ಶ್ರಮಜೀವಿ ವಿದ್ಯಾರ್ಥಿ’ ಎಂಬ ನಾಲ್ಕು ಸಾಲು, ಅದೂ ವಿದ್ಯಾರ್ಥಿಯೇ ಬರೆದುಕೊಟ್ಟದ್ದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಏನು ಕೆಟ್ಟಿತು, ಅದನ್ನು ಹೇಗೆ ಸರಿಮಾಡಿದಿರಿ ಎಂದು ಹೇಳಬಲ್ಲ ಅಸಿಸ್ಟೆಂಟ್ ಪ್ರೊಫೆಸರ್ ಪತ್ರ ಅದಕ್ಕಿಂತ ಮೇಲು.

ಸಮಾಧಾನದ ಮಾತೆಂದರೆ ಎಂಎಸ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ ಐದು ವರ್ಷ ನಡೆಯುತ್ತದೆ. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಎರಡೇ ವರ್ಷ.

ನಂದು ಮೂರು ವರ್ಷದ ಬಿಎಸ್ಸಿ. ಅದಕ್ಕೇ ಆಯ್ತಾ?

ಆಗಿರಬಹುದು. ಅಮೆರಿಕದ ಅನೇಕ ಗ್ರ್ಯಾಜುಯೇಟ್ ಸ್ಕೂಲ್‌ಗಳು ನಾಲ್ಕು ವರ್ಷದ ಪದವಿಗೆ ಸಮನಾದದ್ದನ್ನು ಕೇಳುತ್ತವೆ, ಅಂಥ ಕಡೆ ಅರ್ಜಿ ಪ್ರಾಧ್ಯಾಪಕರ ಕೈ ಸೇರುವ ಮೊದಲೇ ನಿಲ್ಲುತ್ತದೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ 2024ರಲ್ಲಿ ಹೋಗಿ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ ಈ ಪ್ರಶ್ನೆ ಇನ್ನು ಹೆಚ್ಚಾಗಲಿದೆ. ಇಲ್ಲೇ ಎಂಎಸ್ಸಿ ಮಾಡಿ ಪಿಎಚ್‌ಡಿಗೆ ಅರ್ಜಿ ಹಾಕುವುದು ಹಳೆಯ, ಗಟ್ಟಿಯಾದ ದಾರಿ.

ಪ್ರೊಫೆಸರ್ ಜೊತೆ ಇಂಟರ್‌ವ್ಯೂ ಚೆನ್ನಾಗೇ ಆಗಿತ್ತು. ಆಮೇಲೂ ಪಿಎಚ್‌ಡಿಗೆ ಬೇಡ ಅಂದ್ರು, ಯಾಕಿರಬಹುದು?

ಪಿಎಚ್‌ಡಿ ಸೀಟು ಎಂದರೆ ಐದಾರು ವರ್ಷ ಒಬ್ಬರಿಗೆ ಸಂಬಳ ಕೊಡುವ ಮಾತು. ಪ್ರೊಫೆಸರ್‌ಗೆ ನೀವು ಇಷ್ಟವಾಗಿರಬಹುದು, ಅನುದಾನ ಬಂದಿರಲಿಕ್ಕಿಲ್ಲ. 2025ರ ಆರಂಭದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದಾಗ ಹಲವು ವಿಭಾಗಗಳು ಆ ವರ್ಷದ ಸೇರ್ಪಡೆ ಇಳಿಸಿದವು. ಯುಮಾಸ್ ಚಾನ್ ವೈದ್ಯಕೀಯ ಶಾಲೆಯಂತೂ ಕೊಟ್ಟಿದ್ದ ಆಹ್ವಾನಗಳನ್ನೇ ಹಿಂಪಡೆಯಿತು.

ಪಿಎಚ್‌ಡಿ ವಿಷಯದಲ್ಲಿ ಕಾರಣ ಕೇಳಿ ಬರೆಯುವುದರಿಂದ ಪ್ರಯೋಜನವುಂಟು. ಸಂದರ್ಶನ ಮಾಡಿದವರಿಗೆ ಎರಡು ಸಾಲಿನ ಧನ್ಯವಾದ ಬರೆದು, ಮುಂದಿನ ವರ್ಷ ಜಾಗ ಇರಬಹುದೇ ಎಂದು ಕೇಳಿ. ಅವರು ಮನುಷ್ಯರು, ಕೆಲವರು ಉತ್ತರಿಸುತ್ತಾರೆ. ಹಣ ಸಹಿತವಾದ ಆಹ್ವಾನಕ್ಕೆ ವಿದ್ಯಾರ್ಥಿಗಳು ಉತ್ತರ ಕೊಡಲು ಅಲ್ಲಿನ ಬಹುಪಾಲು ಗ್ರ್ಯಾಜುಯೇಟ್ ಸ್ಕೂಲ್‌ಗಳು ಒಪ್ಪಿಕೊಂಡ ದಿನ ಏಪ್ರಿಲ್ 15. ಅದು ದಾಟುವವರೆಗೆ ವೇಟ್‌ಲಿಸ್ಟ್‌ನಲ್ಲಿರುವವರು ಆಸೆ ಬಿಡಬೇಕಿಲ್ಲ.

ಅಡ್ಮಿಶನ್ ಸಿಕ್ತು, ವೀಸಾ ರಿಜೆಕ್ಟ್ ಆಯ್ತು. ಇದೂ ಅದೇ ಲೆಕ್ಕನಾ?

ಬೇರೆಯೇ ಲೆಕ್ಕ. ಯೂನಿವರ್ಸಿಟಿ ನಿಮ್ಮನ್ನು ಬೇಕೆಂದಿದೆ, ಕಾನ್ಸುಲೇಟ್ ಒಪ್ಪಿಲ್ಲ. ಅಮೆರಿಕದ ವಿದ್ಯಾರ್ಥಿ ವೀಸಾ ಸಾಮಾನ್ಯವಾಗಿ ತಿರಸ್ಕಾರವಾಗುವುದು 214(ಬಿ) ಕಲಮಿನಡಿ, ಅಂದರೆ ಓದು ಮುಗಿಸಿ ಮರಳುತ್ತೀರಿ ಎಂದು ಅಧಿಕಾರಿಗೆ ಮನವರಿಕೆಯಾಗಲಿಲ್ಲ ಎಂಬ ಕಾರಣಕ್ಕೆ. ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಸಮಯ ಸಾಲದಿದ್ದರೆ ಸೇರ್ಪಡೆಯನ್ನು ಮುಂದಿನ ಅವಧಿಗೆ ಹಾಕಿಕೊಡಿ ಎಂದು ತಕ್ಷಣ ಕೇಳಿ.

ಎರಡನೇ ವರ್ಷವೂ ರಿಜೆಕ್ಟ್. ಯಾವಾಗ ನಿಲ್ಲಿಸಬೇಕು?

ಎರಡನೇ ಅರ್ಜಿಯಲ್ಲಿ ಮೊದಲನೆಯದರಲ್ಲಿ ಇರದಿದ್ದ ಏನಿತ್ತು ಎಂದು ಹುಡುಕಿ. ಒಂದು ಪ್ರಕಟಣೆ, ಒಂದು ಸಂಶೋಧನಾ ಸಹಾಯಕನ ಕೆಲಸ, ಬೇರೆಯವರ ಒಂದು ಪತ್ರ ಇದ್ದರೆ ಮೂರನೆಯದಕ್ಕೂ ಅರ್ಥವಿದೆ, ಈ ಸಲ ಪಟ್ಟಿ ಬದಲಾಯಿಸಿ. ಏನೂ ಇಲ್ಲದಿದ್ದರೆ ಒಂದೆರಡು ವರ್ಷ ಬಿಟ್ಟುಬಿಡಿ. ಕೆಲಸ ಮಾಡುತ್ತಾ ಇದ್ದು ಇಪ್ಪತ್ತೇಳು, ಇಪ್ಪತ್ತೆಂಟಕ್ಕೆ ಹೋಗುವವರು ಎಂಎಸ್ ತರಗತಿಗಳಲ್ಲಿ ಸಾಮಾನ್ಯ.

ಮನೆ ಅಡವಿಟ್ಟು ಸಾಲ ತೆಗೆದು, ಹೆಸರೇ ಕೇಳದ ಕಡೆ ‘ಹೇಗಾದರೂ ಸರಿ ಹೋಗಲೇಬೇಕು’ ಎಂದು ಹೊರಡುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ. ಬ್ಯಾಂಕಿನವರ ಹತ್ತಿರ ಮರುಪಾವತಿಯ ತಿಂಗಳ ಕಂತು ಎಷ್ಟು ಎಂದು ಬರೆಸಿಕೊಂಡು ಬನ್ನಿ, ಅದನ್ನು ಇಲ್ಲಿನ ಸಂಬಳದಲ್ಲಿ ಕಟ್ಟಬೇಕಾಗಿ ಬಂದರೆ ಏನು ಎಂದು ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿ. ಡಿಸೆಂಬರ್ ಅರ್ಜಿಗಳಿಗೆ ಪತ್ರ ಬರೆಯಲು ಮೇಷ್ಟ್ರುಗಳನ್ನು ಕೇಳಬೇಕಾದದ್ದು ಸೆಪ್ಟೆಂಬರ್‌ನಲ್ಲಿ, ಆ ಲೆಕ್ಕ ಅಷ್ಟರೊಳಗೆ ಮುಗಿದಿರಲಿ.